ಎದುರು ಮೂಲೆಯ ತುಣುಕು

"ಕೋಟು ಬಿಚ್ಚಿ ಡಾಕ್ಟ್ರೇ," ಅಂದೆ.

ದೊಡ್ಡ ಡಾಕ್ಟರ್ ನಕ್ಕರು. "ಯಾಕಮ್ಮಾ, ಇಸ್ತ್ರಿ ಮಾಡಿಕೊಡ್ತೀರಾ?"

"ಮಾಡ್ಕೊಡ್ತೀನಿ. ಮೊದಲು ಬಲಗಡೆ ಜೇಬು ಖಾಲಿ ಮಾಡಿ."

ನಗು ಅರ್ಧಕ್ಕೇ ನಿಂತಿತು. ಬಾಗಿಲ ಹತ್ತಿರ ನಿಂತಿದ್ದ ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದಳು.

ಗುಬ್ಬಿ ಅಂದರೆ ಈ ಆಸ್ಪತ್ರೆಯ ಕಿರಿಯ ಪೆಥಾಲಜಿ ಡಾಕ್ಟರ್. ರೋಗಿಯ ಮೈಯಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇದು ಇಂಥ ರೋಗ ಅಂತ ಹೇಳುವವಳು. ಆಳು ಹಿಡಿಯಷ್ಟು, ಮಾತು ಚಿಲಿಪಿಲಿ, ಅದಕ್ಕೇ ಇಡೀ ಲ್ಯಾಬು ಅವಳನ್ನು ಗುಬ್ಬಿ ಅಂತಲೇ ಕರೆಯುತ್ತದೆ. ನಿನ್ನೆ ಅವಳ ಬೀರುವಿನಿಂದ ಒಂದು ಗಾಜಿನ ಸ್ಲೈಡು ಮಾಯವಾಗಿತ್ತು. ಹುಡುಕಿಕೊಡಿ ಅಂತ ಪತ್ತೇದಾರಿಕೆ ಮಾಡುವ ನನ್ನ ಕೈಕಾಲು ಹಿಡಿದಿದ್ದಳು.

"ನೋಡಿ ಡಾಕ್ಟ್ರೇ," ಅಂದೆ, ಕೇಳದೆಯೇ ಕುರ್ಚಿ ಎಳೆದುಕೊಂಡು. "ನಿಮ್ಮ ಕೋಣೆ ಒಲೆ ಥರ ಕಾದಿದೆ. ಕೋಣೆಗೆ ಬಂದ ತಕ್ಷಣ ಕೋಟು ಕಳಚಿ ಕುರ್ಚಿ ಮೇಲೆ ಎಸೆಯೋದು ನಿಮ್ಮ ಅಭ್ಯಾಸ ಅಂತ ನರ್ಸುಗಳೆಲ್ಲ ಹೇಳ್ತಾರೆ. ಇವತ್ತು ಬೆವರು ಕತ್ತಿಗಿಳೀತಾ ಇದ್ರೂ ಕೋಟು ಮೈಮೇಲೇ ಇದೆ. ಕೈ ಜೇಬಿನಿಂದ ಹೊರಗೆ ಬಂದಿಲ್ಲ. ನನ್ನ ಕಿವಿಗೆ ಹೂ ಇಡೋಕೆ ಇನ್ನೂ ಸ್ವಲ್ಪ ಕಷ್ಟಪಡಬೇಕು."

ನಾನು ಹೀಗೇ. ಸುಳ್ಳು ಕಂಡರೆ ನನಗೆ ಮೂಗು ತುರಿಸುತ್ತದೆ, ತುರಿಸಿದ ಮೇಲೆ ದೊಡ್ಡವರು ಚಿಕ್ಕವರು ಅಂತ ನೋಡುವ ತಾಳ್ಮೆ ನನಗಿಲ್ಲ. ಅದೂ ಇವತ್ತು, ಈ ಕೇಸಿನಲ್ಲಿ, ಇಲ್ಲವೇ ಇಲ್ಲ. ಆ ಗಾಜಿನ ಮೇಲೆ ನನ್ನ ಭಾವನ ಕತ್ತಿನ ಗಂಟಿನ ತುಣುಕಿತ್ತು.

ಭಾವ ಬೀಗ ರಿಪೇರಿ ಮಾಡುವವರು. ಊರಿನ ಅರ್ಧ ಬಾಗಿಲು ಅವರ ಕೈಯಲ್ಲಿ ತೆರೆದಿವೆ. ಕಳೆದ ವರ್ಷ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು, ಲಿಂಫೋಮಾ, ಒಂದು ಥರದ ಕ್ಯಾನ್ಸರು ಅಂದರು. "ನಾದಿನಿ, ಯಾರೋ ನನಗೇ ಒಳಗಿಂದ ಬೀಗ ಹಾಕಿಬಿಟ್ರಲ್ಲೇ" ಅಂತ ಅವರೇ ತಮಾಷೆ ಮಾಡಿದರು. ಅಕ್ಕ ನಗಲಿಲ್ಲ. ಅಕ್ಕ ಇದೇ ಲ್ಯಾಬಿನಲ್ಲಿ ಟೆಕ್ನಿಷಿಯನ್ನು. ಇವತ್ತು ರಜೆ ಹಾಕಿ ಮೇಲಿನ ವಾರ್ಡಿನ ಒಂಟಿ ಕೋಣೆಯಲ್ಲಿ ಗಂಡನ ಪಕ್ಕ ಕೂತಿದ್ದಾಳೆ. ಭಾವನಿಗೆ ಮೊದಲ ಸುತ್ತಿನ ಔಷಧ ಮುಗಿದಿದೆ, ಇವತ್ತು ಬೆಳಿಗ್ಗೆಯೇ ಹೊಸ ಔಷಧವನ್ನು ಡ್ರಿಪ್ಪಿನಲ್ಲಿ ಹನಿಹನಿಯಾಗಿ ಏರಿಸಬೇಕು.

ಯಾಕೆ ಹೊಸ ಔಷಧ? ಯಾಕೆಂದರೆ ದೊಡ್ಡ ಡಾಕ್ಟರು ನಡೆಸುವ ಸ್ಟಡಿ, ಅಂದರೆ ಹೊಸ ಔಷಧದ ಸಂಶೋಧನೆ, ಹಾಗೆ ಹೇಳಿತ್ತು. ಲಿಂಫೋಮಾದಲ್ಲಿ ಕೆಲವರ ಗಂಟು ಸಾಧು, ಕೆಲವರದ್ದು ರಾಕ್ಷಸ. ತುಣುಕಿಗೆ ಒಂದು ಬಣ್ಣ ಹಾಕಿದರೆ ಗೊತ್ತಾಗುತ್ತದೆ. ಕಂದು ಹತ್ತಿದರೆ ಕೆಟ್ಟ ಜಾತಿ, ಬೇಗ ಮರಳುತ್ತದೆ, ಆಳನ್ನು ಉಳಿಸುವುದಿಲ್ಲ. ನೀಲಿಯಾಗೇ ಉಳಿದರೆ ಒಳ್ಳೆ ಜಾತಿ. ಮಾರ್ಕರ್ ಅಂತಾರೆ ಅದಕ್ಕೆ. ಕಂದಿನವರಿಗೆ ಮಾತ್ರ ಹೊಸ ಔಷಧ, ಅದು ಮೂಳೆಯೊಳಗಿನ ಮಜ್ಜೆಯನ್ನೇ ಸುಡುವಂಥದ್ದು. ನೀಲಿಯವರಿಗೆ ಸುಮ್ಮನೆ ಕಾಯುವುದು.

ಭಾವನದ್ದು ಕಂದು ಅಂತ ಬಂದಿತ್ತು.

ಆದರೆ ಎರಡು ತಿಂಗಳಿಂದ ಲೆಕ್ಕ ತಪ್ಪುತ್ತಿತ್ತು. ನೀಲಿ ಅಂತ ಧೈರ್ಯ ಹೇಳಿ ಮನೆಗೆ ಕಳಿಸಿದ್ದ ಒಬ್ಬ ಟೈಲರಮ್ಮ ಈಗ ಐಸಿಯುನಲ್ಲಿ ಏದುಸಿರು ಬಿಡುತ್ತಿದ್ದಾರೆ. ಗುಬ್ಬಿಗೆ ಅನುಮಾನ ಬಂತು. ಗಾಜನ್ನು ಮತ್ತೊಮ್ಮೆ ನೋಡೋಣ ಅಂತ ಬೀರು ತೆಗೆದರೆ ಗಾಜೇ ಇಲ್ಲ.

"ಕೊಡಿ ಡಾಕ್ಟ್ರೇ," ಅಂದೆ. "ಮೇಲೆ ನಮ್ಮ ಭಾವನ ಕೈಗೆ ಸೂಜಿ ಚುಚ್ಚೋ ಹೊತ್ತಾಯ್ತು."

ಅವರು ನನ್ನನ್ನು ನೋಡಿದರು, ಗುಬ್ಬಿಯನ್ನು ನೋಡಿದರು. ಆಮೇಲೆ ಜೇಬಿನಿಂದ ಕೈ ತೆಗೆದು, ಹತ್ತಿಯಲ್ಲಿ ಸುತ್ತಿದ್ದ ಗಾಜನ್ನು ಮೇಜಿನ ಮೇಲಿಟ್ಟರು. ಮೇಜಿನ ತುಂಬಾ ವೈದ್ಯಪತ್ರಿಕೆಗಳ ಹಳೆಯ ಸಂಚಿಕೆಗಳು, ತಣ್ಣಗಾದ ಕಾಫಿ, ಎರಡು ಕಡೆಯಿಂದ ಇಬ್ಬರು ಕೂತು ನೋಡಬಹುದಾದ ದೊಡ್ಡ ಸೂಕ್ಷ್ಮದರ್ಶಕ.

"ಕದ್ದಿದ್ದಲ್ಲ," ಅಂದರು.

"ಹೌದಾ? ಜೇಬಿಗೆ ತಾನಾಗೇ ನಡ್ಕೊಂಡು ಬಂತಾ?"

ಗುಬ್ಬಿ ಅಷ್ಟರಲ್ಲಿ ಗಾಜನ್ನು ಎತ್ತಿಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂತಾಗಿತ್ತು. ಎದುರು ಬದಿಯ ನೋಡುಗೊಳವೆಗೆ ನಾನು ಕಣ್ಣಿಟ್ಟೆ. ಚೌಕಾಕಾರದಲ್ಲಿ ಸಾಲು ಸಾಲಾಗಿ ಚಿಕ್ಕ ಚಿಕ್ಕ ದುಂಡನೆಯ ಚುಕ್ಕೆ. ರಟ್ಟಿಗೆ ಹೊಲಿದ ಅಂಗಿ ಗುಂಡಿಗಳ ಥರ.

"ಒಂದೊಂದು ಚುಕ್ಕೆ ಒಬ್ಬೊಬ್ಬ ರೋಗಿ ಮೇಡಂ," ಅಂದಳು ಗುಬ್ಬಿ. "ಎಲ್ಲರ ತುಣುಕನ್ನೂ ಒಂದೇ ಮೇಣದ ಗಟ್ಟಿಯಲ್ಲಿ ನಾಟಿ ಮಾಡ್ತೀವಿ. ಆಮೇಲೆ ಗಟ್ಟಿಯಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಒಂದು ಪದರ ಕೊಯ್ದು, ಬಿಸಿನೀರಿನ ಮೇಲೆ ತೇಲಿಬಿಟ್ಟು, ಗಾಜಿನಿಂದ ಎತ್ಕೊಳ್ತೀವಿ. ಒಂದೇ ಸಲ ಬಣ್ಣ ಹಾಕಿದ್ರೆ ಎಲ್ಲರದ್ದೂ ಗೊತ್ತಾಗುತ್ತೆ."

"ಯಾವ ಚುಕ್ಕೆ ಯಾರದ್ದು ಅಂತ ಹೇಗೆ ತಿಳಿಯುತ್ತೆ?"

"ಎಡಗಡೆ ಮೇಲಿನ ಮೂಲೆಯಲ್ಲಿ ರೋಗಿಯ ತುಣುಕಿಲ್ಲ, ಪಿತ್ತಜನಕಾಂಗದ ಒಂದು ಚೂರು ಇಟ್ಟಿದೀವಿ. ನೋಡಿದ ತಕ್ಷಣ ಗುರುತು ಸಿಗುತ್ತೆ. ಅದನ್ನ ಎಡಗಡೆ ಮೇಲಕ್ಕೆ ತಂದ್ಕೊಂಡು, ಅಲ್ಲಿಂದ ಸಾಲಾಗಿ ಎಣಿಸ್ಕೊಂಡು ಹೋಗೋದು. ನಿಮ್ಮ ಭಾವಂದು ಮೇಲಿನ ಸಾಲಿನ ಕೊನೇದು, ಬಲಗಡೆ ಮೂಲೆ."

ನೋಡಿದೆ. ಬಲಮೂಲೆಯ ಚುಕ್ಕೆ ಕಡುಕಂದು. ಒಪ್ಪಿಕೊಳ್ಳುವ ಮೊದಲು ಮೂಲದ ಜೊತೆ ತಾಳೆ ನೋಡಬೇಕು ಅನ್ನಿಸಿತು.

"ಗುಬ್ಬಿ, ಗಟ್ಟಿ ಎಲ್ಲಿದೆ? ಆ ಮೇಣದ್ದು?"

ಅವಳ ಕೋಟಿನ ಜೇಬಿನಲ್ಲೇ ಇತ್ತು. ಸಣ್ಣ ಸಾಬೂನು ಬಿಲ್ಲೆಯ ಹಾಗೆ, ಮೇಲೆಲ್ಲ ಚುಕ್ಕೆ. ಬೆಳಕಿಗೆ ಹಿಡಿದೆ. ಎಲ್ಲಾ ಚುಕ್ಕೆಗಳೂ ದುಂಡಗಿವೆ, ಒಂದು ಬಿಟ್ಟು. ಪಿತ್ತಜನಕಾಂಗದ ಬಲಪಕ್ಕದಲ್ಲಿದ್ದ ಮೊದಲನೇ ತುಣುಕು ಅರ್ಧ ಮುರಿದು ಅರ್ಧಚಂದ್ರನ ಹಾಗಿತ್ತು.

"ಈ ಮುರುಕು ಗಾಜಿನಲ್ಲಿ ಎಲ್ಲಿದೆ ನೋಡಮ್ಮಾ."

ಗುಬ್ಬಿ ನೋಡಿದಳು. ಗಾಜನ್ನು ಸರಿಸಿದಳು, ಮತ್ತೆ ನೋಡಿದಳು. "ಬಲಪಕ್ಕದಲ್ಲಿಲ್ಲ," ಅಂದಳು. ಅವಳ ಚಿಲಿಪಿಲಿ ನಿಂತೇಹೋಯಿತು. "ಕೆಳಗಿದೆ. ಪಿತ್ತಜನಕಾಂಗದ ಕೆಳಗಿದೆ ಮೇಡಂ."

ನಾನು ಡಾಕ್ಟರ್ ಅಲ್ಲ. ಆದರೆ ಕರವಸ್ತ್ರ ಮಡಿಸೋಕೆ ಬರುತ್ತದೆ. ಬ್ಯಾಗಿನಿಂದ ನನ್ನ ಕರವಸ್ತ್ರ ತೆಗೆದು ಮೇಜಿನ ಮೇಲೆ ಹರಡಿದೆ. ಮೂಲೆಯಲ್ಲಿ ಕಸೂತಿಯ ಒಂದು ಹೂವಿತ್ತು. ಹೂವನ್ನು ಎಡಗಡೆ ಮೇಲಕ್ಕೆ ಮಾಡಿದೆ. ಬಲಗಡೆ ಮೇಲಿನ ಮೂಲೆಗೆ ಗುಬ್ಬಿಯ ಪೆನ್ನಿನಿಂದ ಒಂದು ಚುಕ್ಕೆ ಒತ್ತಿದೆ, ಮಸಿ ಬಟ್ಟೆಯ ಹಿಂದಕ್ಕೂ ಇಳಿಯಿತು. ಆಮೇಲೆ ಕರವಸ್ತ್ರವನ್ನು ಮಗುಚಿಹಾಕಿ, ಕಾಲು ಸುತ್ತು ತಿರುಗಿಸಿದೆ. ಹೂವು ಮತ್ತೆ ಎಡಗಡೆ ಮೇಲಕ್ಕೇ ಬಂತು. ಮಸಿ ಚುಕ್ಕೆ ಮಾತ್ರ ಕೆಳಗೆ, ಎಡಮೂಲೆಗೆ ಹೋಗಿ ಕೂತಿತ್ತು.

"ಅಯ್ಯೋ ದೇವ್ರೇ," ಅಂದಳು ಗುಬ್ಬಿ. "ಪದರ ನೀರಿನಲ್ಲಿ ಮಗುಚಿದೆ. ಚೌಕ ಸಮ ಇರೋದ್ರಿಂದ ತಿರುಗಿಸಿದ್ರೆ ಗುರುತು ಸರಿಯಾಗೇ ಕೂರುತ್ತೆ. ನಾನು ಪಿತ್ತಜನಕಾಂಗ ನೋಡಿ ಎಲ್ಲ ಸರಿಯಿದೆ ಅಂದ್ಕೊಂಡೆ. ಒಬ್ಬರ ಬಣ್ಣ ಇನ್ನೊಬ್ಬರ ಹೆಸರಿಗೆ ಬರೆದಿದೀನಿ!"

"ಅಂದ್ರೆ ಬಲಮೂಲೆಯಲ್ಲಿ ಕಾಣ್ತಿರೋ ಈ ಕಂದು ನಮ್ಮ ಭಾವಂದಲ್ಲ."

"ಅಲ್ಲ. ಅದು ಕೆಳಗಿನ ಎಡಮೂಲೆಯವರದ್ದು. ನಿಮ್ಮ ಭಾವಂದು ಈಗ ಆ ಕೆಳಮೂಲೆಯಲ್ಲಿದೆ." ಅವಳು ಗಾಜು ಸರಿಸಿದಳು. "ನೋಡಿ ಮೇಡಂ. ನೀಲಿ. ಅಪ್ಪಟ ನೀಲಿ!"

ಕುಣಿದುಬಿಡಬೇಕು ಅನ್ನಿಸಿತು. ನಿಜ ಹೇಳ್ತೀನಿ, ಇಷ್ಟು ವರ್ಷದ ಪತ್ತೇದಾರಿಕೆಯಲ್ಲಿ ಒಂದು ಬಣ್ಣ ನೋಡಿ ಕಣ್ಣಲ್ಲಿ ನೀರು ಬಂದಿದ್ದು ಅದೇ ಮೊದಲು. ಆದರೆ ಕೆಲಸ ಮುಗಿದಿರಲಿಲ್ಲ. ದೊಡ್ಡ ಡಾಕ್ಟರ ಕಡೆ ತಿರುಗಿದೆ.

"ನೀವು ನಿನ್ನೆಯೇ ಇದನ್ನ ಕಂಡುಹಿಡಿದಿದ್ರಿ."

"ಹೌದು."

"ಕಂಡುಹಿಡಿದು ಬಚ್ಚಿಟ್ರಿ. ಮೇಲೆ ಒಬ್ಬ ಮನುಷ್ಯನಿಗೆ ಬೇಡದ ವಿಷ ಏರಿಸೋಕೆ ಸಿದ್ಧತೆ ನಡೀತಾ ಇದೆ ಅಂತ ಗೊತ್ತಿದ್ದೂ! ನಿಮ್ಮ ಸ್ಟಡಿಯ ಹೆಸರು ಕೆಡುತ್ತೆ ಅಂತಲಾ? ವೇದಿಕೆ ಮೇಲೆ ಶಾಲು ಹಾಕಿಸ್ಕೊಳ್ಳೋದು ತಪ್ಪಿಹೋಗುತ್ತೆ ಅಂತಲಾ?"

"ಮೇಡಂ," ಅಂತ ಗುಬ್ಬಿ ನನ್ನ ತೋಳು ಹಿಡಿದಳು.

"ಬಿಡಮ್ಮಾ! ಇವರಿಗೆ ಇವತ್ತು ನಾನು ಬಿಡಿಸಿ ಹೇಳದೇ ಹೋಗಲ್ಲ."

ದೊಡ್ಡ ಡಾಕ್ಟರ್ ಎದ್ದರು. ಈಗ ಕೋಟು ಬಿಚ್ಚಿದರು. ಅಂಗಿಯ ಮೇಲಿನ ಗುಂಡಿ ತೆಗೆದು ಕಾಲರು ಸರಿಸಿದರು. ಕತ್ತಿನ ಬುಡದಲ್ಲಿ, ಹೊಲಿಗೆ ಬಿಚ್ಚಿ ಹೆಚ್ಚು ಕಾಲವಾಗಿರದ ಒಂದು ಗೀಟು.

"ಕೆಳಗಿನ ಎಡಮೂಲೆ ನಂದು," ಅಂದರು.

ಹೊರಗೆ ಕಾರಿಡಾರಿನಲ್ಲಿ ತಳ್ಳುಗಾಡಿಯ ಚಕ್ರ ಕಿರುಗುಟ್ಟಿಕೊಂಡು ಹೋಯಿತು.

"ಗಂಟು ಬೇರೆ ಊರಲ್ಲಿ ತೆಗೆಸ್ಕೊಂಡೆ. ತುಣುಕು ತಂದು ನಂಬರು ಹಾಕಿ ಎಲ್ಲರ ಜೊತೆ ಸೇರಿಸಿದೆ. ಯಾರಿಗೂ ಹೇಳಲಿಲ್ಲ, ಮನೆಯವಳಿಗೂ ಹೇಳಲಿಲ್ಲ. ನೀಲಿ ಅಂತ ಬಂತು. ಆರಾಮಾಗಿ ಓಡಾಡ್ಕೊಂಡಿದ್ದೆ." ಅವರು ಮತ್ತೆ ಕೂತರು. "ನಿನ್ನೆ ಗಾಜು ನೋಡ್ತಾ ಇದ್ದಾಗ ಆ ಮುರುಕು ತುಣುಕು ಕಣ್ಣಿಗೆ ಬಿತ್ತು. ಇದು ಮಗುಚಿದೆ ಅಂತ ಒಪ್ಕೊಂಡ್ರೆ ನನ್ನ ಸಾವನ್ನೂ ಒಪ್ಕೋಬೇಕು. ಒಂದು ದಿನ ತಡ್ಕೊಳ್ಳೋಣ ಅಂದ್ಕೊಂಡೆ, ಅಷ್ಟೇ. ಒಂದೇ ಒಂದು ದಿನ."

ಬೈಯಲು ಎತ್ತಿದ್ದ ಬೆರಳು ಇಳಿಸಿದೆ. ಆದರೂ ಭಾವನ ಮುಖ ಕಣ್ಣ ಮುಂದೆ ಬಂತು.

"ನಿಮಗೆ ಆಗಿದ್ದಕ್ಕೆ ನನಗೂ ಸಂಕಟ ಆಗುತ್ತೆ ಡಾಕ್ಟ್ರೇ," ಅಂದೆ. "ನಿಜವಾಗ್ಲೂ ಆಗುತ್ತೆ. ಆದ್ರೆ ನಿಮ್ಮ ಒಂದು ದಿನ ನಮ್ಮ ಭಾವನ ಲೆಕ್ಕದಿಂದ ತೆಗೆದಿದ್ದು. ಫೋನು ಎತ್ತಿ."

ಎತ್ತಿದರು. ಅದಕ್ಕೆ ಅವರನ್ನು ಮೆಚ್ಚಬೇಕು, ದನಿ ಒಂದಿಷ್ಟೂ ನಡುಗಲಿಲ್ಲ. "ವಾರ್ಡಾ? ಬೀಗದವರ ಹನಿ ನಿಲ್ಲಿಸಿ. ಹೌದು, ನಾನೇ ಹೇಳ್ತಿರೋದು. ಶುರುವಾಗಿದ್ರೂ ನಿಲ್ಲಿಸಿ." ರಿಸೀವರ್ ಇಟ್ಟರು. ನಾನು ಕುರ್ಚಿಗೆ ಒರಗಿ ದೊಡ್ಡ ಉಸಿರು ಬಿಟ್ಟೆ. ಗೆದ್ದೆ ಅಂದುಕೊಂಡೆ. ಅಕ್ಕನಿಗೆ ಹೇಗೆ ಹೇಳೋದು, ಅವಳು ಅಳ್ತಾಳೋ ನಗ್ತಾಳೋ ಅಂತ ಮನಸ್ಸು ಆಗಲೇ ಮೇಲಿನ ವಾರ್ಡಿಗೆ ಓಡಿತ್ತು.

"ಒಂದು ನಿಮಿಷ," ಅಂದರು ದೊಡ್ಡ ಡಾಕ್ಟರ್. ಅವರು ಗುಬ್ಬಿಯನ್ನು ನೋಡುತ್ತಿದ್ದರು. "ಈ ಬಣ್ಣ ಎಷ್ಟು ಸಲ ಹಾಕಿದ್ವಿ?"

"ಮೂರು ಸಲ ಸರ್. ನಿಯಮದ ಪ್ರಕಾರ ಬೇರೆ ಬೇರೆ ದಿನ ಕೊಯ್ದು..." ಗುಬ್ಬಿ ನಿಲ್ಲಿಸಿದಳು.

"ಮೂರರ ಉತ್ತರವೂ ಒಂದೇ ಇತ್ತಲ್ವಾ?"

"ಒಂದೇ ಇತ್ತು ಸರ್. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ, ಮೊದಲೆರಡು ಗಾಜನ್ನ ಆಗಲೇ ಗೋದಾಮಿಗೆ ಕಳಿಸಿಬಿಟ್ಟಿದ್ವಿ."

ನನ್ನ ಮೂಗು ತುರಿಸಲು ಶುರುವಾಯಿತು. ಒಂದು ಗಾಜು ಮಗುಚಿ, ಎರಡು ಸರಿಯಿದ್ದರೆ ಉತ್ತರ ಹೊಂದುತ್ತಿರಲಿಲ್ಲ. ಹೊಂದಿದೆ ಅಂದರೆ ಮೂರೂ ಮಗುಚಿವೆ. ಒಂದು ಸಲ ಮಗುಚಿದರೆ ಕೈತಪ್ಪು ಅನ್ನಬಹುದು. ಮೂರು ದಿನ, ಮೂರು ಸಲ, ಒಂದೇ ಥರ ಮಗುಚಿದರೆ ಅದು ಬೇಕೂ ಅಂತ ಮಾಡಿದ ಕೆಲಸ.

"ಯಾರು ಕೊಯ್ದಿದ್ದು?" ಅಂತ ಕೇಳಿದೆ.

ಗುಬ್ಬಿ ನೆಲ ನೋಡಿದಳು.

"ಏನಮ್ಮಾ, ಕಿವಿ ಕೇಳಿಸಲ್ವಾ? ನಿಮ್ಮ ಲ್ಯಾಬಿನಲ್ಲಿ ಗಟ್ಟಿ ಕೊಯ್ಯೋರು ಯಾರ್ಯಾರು?"

"ಬೇರೆಯವರೂ ಇದ್ದಾರೆ ಮೇಡಂ. ಆದ್ರೆ ಈ ಗಟ್ಟಿ ತುಂಬಾ ನಾಜೂಕು. ಇದಕ್ಕೆ ಕೈ ಹಾಕೋದು ಒಬ್ಬರೇ. ತುಣುಕು ನಾಟಿದ್ದೂ ಅವರೇ. ನಿಮ್ಮ..." ಅವಳ ಕಣ್ಣು ತುಂಬಿತ್ತು. "ನಿಮ್ಮ ಅಕ್ಕ."

ನಾನು ಜೋರಾಗಿ ನಕ್ಕುಬಿಟ್ಟೆ. "ಹುಚ್ಚಾ ನಿಂಗೆ? ಮಗುಚಿದ್ರಿಂದ ಕೆಟ್ಟ ಬಣ್ಣ ಬಂದಿದ್ದು ಯಾರ ಹೆಸರಿಗೆ? ಅವಳ ಗಂಡನ ಹೆಸರಿಗೆ! ಯಾರಾದ್ರೂ ತಮ್ಮ ತಲೆ ಮೇಲೆ ತಾವೇ ಚಪ್ಪಡಿ ಎಳ್ಕೋತಾರಾ? ಅವಳು ಭಾವನಿಗೋಸ್ಕರ ಪ್ರಾಣ ಬಿಡ್ತಾಳೆ ಕಣಮ್ಮಾ, ಅಂಥವಳು..."

ಫೋನು ಹೊಡೆದುಕೊಂಡಿತು. ದೊಡ್ಡ ಡಾಕ್ಟರ್ ಎತ್ತಿ ಕೇಳಿಸಿಕೊಂಡರು. "ಏನು? ಯಾವಾಗಿಂದ? ಬಾಗಿಲು ಒಡೀಬೇಡಿ, ಇರಿ," ಅಂದು ರಿಸೀವರಿನ ಬಾಯಿಗೆ ಕೈ ಮುಚ್ಚಿ ನನ್ನತ್ತ ತಿರುಗಿದರು.

"ಹನಿ ಶುರುವಾಗಿದೆಯಂತೆ. ನಿಲ್ಲಿಸೋಕೆ ಹೋದ ನರ್ಸನ್ನ ನಿಮ್ಮ ಅಕ್ಕ ಆಚೆಗೆ ತಳ್ಳಿ ಒಳಗಿಂದ ಚಿಲಕ ಹಾಕ್ಕೊಂಡಿದ್ದಾರೆ."

ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೊಬೈಲು ತೆಗೆದೆ. ಎರಡನೇ ರಿಂಗಿಗೇ ಅಕ್ಕ ಎತ್ತಿದಳು. ಇಬ್ಬರು ಡಾಕ್ಟರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಅಕ್ಕಾ, ಏನೇ ಇದು?"

"ಗಾಜು ಸಿಕ್ತಾ?" ಅಂದಳು. ಅವಳ ದನಿ ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಮಾತಾಡುವಾಗಿನ ಹಾಗೇ ಇತ್ತು. "ಸಿಗುತ್ತೆ ಅಂತ ಗೊತ್ತಿತ್ತು. ಗುಬ್ಬಿ ನಿನ್ನನ್ನ ಕರೆಸಿದಾಗಲೇ ಅಂದ್ಕೊಂಡೆ, ಇನ್ನು ಮುಗೀತು, ಇವಳು ಬಿಡೋಳಲ್ಲ ಅಂತ."

"ನೀನೇನಾ ಮಗುಚಿದ್ದು?"

"ನಾನೇ."

"ಯಾಕೆ? ಭಾವಂದು ನೀಲಿ ಕಣೇ! ಒಳ್ಳೇ ಜಾತಿ! ಅವರಿಗೆ ಆ ವಿಷ ಬೇಕಾಗೇ ಇಲ್ಲ!"

"ನೀಲಿ ಅಂತ ನನಗೆ ನಿನಗಿಂತ ಮುಂಚೆ ಗೊತ್ತು. ಮೊದಲು ಸರಿಯಾಗೇ ಕೊಯ್ದು ಬಣ್ಣ ಹಾಕಿ ನೋಡಿದ್ದೆ. ಆ ಗಾಜು ಒಡೆದುಹಾಕಿದೆ. ಆಮೇಲಿನ ಮೂರನ್ನೂ ಮಗುಚಿ ಎತ್ತಿದೆ."

"ಆ ಟೈಲರಮ್ಮ ಐಸಿಯುನಲ್ಲಿದ್ದಾರೆ," ಅಂತ ಗುಬ್ಬಿ ಕಿರುಚಿದಳು. "ಅವರ ಕಂದು ನೀವು ನೀಲಿ ಮಾಡಿದ್ರಿ!"

"ಗೊತ್ತು," ಅಂದಳು ಅಕ್ಕ. ಈಗ ಅವಳ ದನಿ ಒಡೆದಿತ್ತು. "ದಿನಾ ಹೋಗಿ ಅವರ ಬಾಗಿಲ ಹತ್ರ ನಿಂತು ಬರ್ತೀನಿ. ನನಗೆ ಏನು ಶಿಕ್ಷೆ ಬೇಕಾದ್ರೂ ಕೊಡಿಸಿ, ಅದು ಆಮೇಲೆ. ಪುಟ್ಟೀ, ಈಗ ನಾನು ಹೇಳೋದು ಕೇಳು. ಮೊದಲ ಸುತ್ತಿನ ಔಷಧ ಮುಗಿದ ವಾರವೇ ಇವರ ಕಂಕುಳಲ್ಲಿ ಇನ್ನೊಂದು ಗಂಟು ಬಂತು. ಯಾರಿಗೂ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು. ಸ್ಟಡಿಯಿಂದ ತೆಗೆದುಬಿಡ್ತಾರೆ ಅಂತ ಭಯ ಅವರಿಗೆ. ಈಗ ಗಂಟು ನಿಂಬೆಹಣ್ಣಿನಷ್ಟಾಗಿದೆ."

ದೊಡ್ಡ ಡಾಕ್ಟರ ಮುಖ ಬಿಳಿಚಿಕೊಂಡಿತು.

"ಅಲ್ಲೇ ಇದ್ದಾರಾ ದೊಡ್ಡೋರು? ಕೇಳು ಅವರನ್ನ. ನೀಲಿ ಬಂದವರಿಗೆ ಗಂಟು ಮರಳಿದ್ರೆ ಹೊಸ ಔಷಧ ಕೊಡ್ತೀರಾ ಅಂತ ನಾನು ಆವಾಗ್ಲೇ ಕೇಳಿದ್ದೆ. ನೀಲಿಯವರಿಗೆ ಗಂಟು ಮರಳಲ್ಲಮ್ಮ, ಮಾರ್ಕರ್ ಸುಳ್ಳು ಹೇಳಲ್ಲ ಅಂದ್ರು. ಯಾರ ಗಂಡನ ವಿಷಯ ಕೇಳ್ತಾ ಇದ್ದೀಯ ಅಂತ ಕೂಡ ಕೇಳಲಿಲ್ಲ. ಇನ್ನೇನು ಮಾಡ್ಲಿ ನಾನು? ಬಣ್ಣ ನಂಬ್ಲಾ, ನನ್ನ ಕೈಗೆ ಸಿಗೋ ಗಂಟನ್ನ ನಂಬ್ಲಾ?"

ನಾನು ದೊಡ್ಡ ಡಾಕ್ಟರನ್ನು ನೋಡಿದೆ. ಹೌದು ಅನ್ನಿ, ಇಲ್ಲ ಅನ್ನಿ, ಏನಾದರೂ ಒಂದು ಅನ್ನಿ ಅಂತ ಕಣ್ಣಲ್ಲೇ ಬೇಡಿಕೊಂಡೆ. ಅವರು ಗಾಜಿನ ಮೇಲೆ ಕಣ್ಣಿಟ್ಟು ಕಾಲರು ಮುಚ್ಚಿಕೊಂಡರು. ಗುಬ್ಬಿಯ ಕಡೆ ತಿರುಗಿದೆ. "ಇಂಥದ್ದು ನಾನು ನೋಡೇ ಇಲ್ಲ ಮೇಡಂ," ಅಂದಳು. "ಹೊಸ ಗಂಟಿನ ತುಣುಕು ನೋಡ್ದೆ ಏನೂ ಹೇಳೋಕಾಗಲ್ಲ. ಅದಕ್ಕೆ ದಿನಗಟ್ಲೆ ಬೇಕು."

"ಇವರು ನಿದ್ದೆ ಮಾಡ್ತಿದ್ದಾರೆ," ಅಂದಳು ಅಕ್ಕ. "ಔಷಧ ಒಂದೊಂದೇ ಹನಿ ಇಳೀತಾ ಇದೆ. ಕಾಲು ಬಾಟಲಿ ಹೋಗಿದೆ. ನಿಲ್ಲಿಸೋ ಗುಂಡಿ ನನ್ನ ಕೈಲೇ ಇದೆ ಪುಟ್ಟೀ. ಡಾಕ್ಟ್ರು ಹೇಳಿದ್ರೆ ನಾನು ನಿಲ್ಲಿಸಲ್ಲ, ಅವರ ಮಾತು ಕೇಳಿ ಸಾಕಾಯ್ತು. ನೀನು ಇವತ್ತಿನವರೆಗೂ ನನಗೆ ಸುಳ್ಳು ಹೇಳಿಲ್ಲ. ನೀನು ಹೇಳು."

ಮೇಜಿನ ಮೇಲಿನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಹೇಳೇ," ಅಂದಳು ಅಕ್ಕ. "ನಿಲ್ಲಿಸ್ಲಾ?"